ರೆಕ್ಕೆಯಿಲ್ಲದ ಕಾರು

ನೆದರ್ಲೆಂಡ್ಸಿನ ಟಿಲ್‌ಬರ್ಗ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ಅಕ್ಕ ಎಂಜಿನಿಯರು. ಸೋಫಾ ಕೊಳ್ಳಲಿ, ಸೈಕಲ್ ಕೊಳ್ಳಲಿ, ಅವರದು ಒಂದೇ ಮಾತು: "ಮೊದ್ಲ ಕುಂತು ನೋಡೂಣು." ತೊಂಬತ್ತರ ದಶಕದ ಕೊನೆಯಲ್ಲಿ ಅವರಿಗೆ ಮಣ್ಣಿನ ಟ್ರ್ಯಾಕಿನ ರೇಸಿನ ಹುಚ್ಚು ಹಿಡಿಯಿತು. ಆ ರೇಸಿಗೆಂದೇ ಮಾಡಿದ ಪುಟ್ಟ ಸ್ಪ್ರಿಂಟ್ ಕಾರೊಂದನ್ನು ಆರಿಸಲು ಒಂದು ಹಳ್ಳಿಯ ಶೆಡ್ಡಿಗೆ ನನ್ನನ್ನೂ ಕರೆದೊಯ್ದರು.

ಅಲ್ಲಿದ್ದ ಎರಡು ಕಾರಿಗೂ, ಓಡುವಾಗ ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವ, ನೆತ್ತಿಯ ಮೇಲಿನ ರೆಕ್ಕೆ ಇರಲಿಲ್ಲ. ಮಾರುವ ಡಚ್ ಅಜ್ಜ ಭಾರಿ ಎಂಜಿನ್ನಿನ, ಹೊಳೆಯುವ ಕೆಂಪು ಕಾರನ್ನೇ ಹೊಗಳಿದ. ಅಕ್ಕ ಅದರಲ್ಲಿ ಕೂತರು. ಸೀಟು ಅಗಲವಾಗಿ ಹೆಗಲು ಅತ್ತಿತ್ತ ಅಲುಗಾಡಿತು. ಬಣ್ಣ ಮಾಸಿದ, ಸಣ್ಣ ಎಂಜಿನ್ನಿನ ಇನ್ನೊಂದರಲ್ಲಿ ಕೂತು, ಸ್ಟೀರಿಂಗ್ ಹಿಡಿದು, ಕಣ್ಣು ಮುಚ್ಚಿ, ತಿರುವಿನಲ್ಲಿ ಹೋಗುವವರಂತೆ ಎಡಕ್ಕೆ ವಾಲಿದರು; ಹೆಗಲು ಅಲುಗಲಿಲ್ಲ. ಅದನ್ನೇ ಆರಿಸಿದರು.

"ಅಕ್ಕ, ಕೆಂಪು ಕಾರೇ ಫಾಸ್ಟ್ ಅಲ್ವಾ?" ಎಂದೆ.

"ರೆಕ್ಕಿ ಇಲ್ಲದ ಕಾರು ಜಾರ್ತದೋ ತಮ್ಮಾ. ಮೊದ್ಲ ಜಾರೂದು ಕಲೀತೇನಿ, ಆಮ್ಯಾಲೆ ಜೋರ ಓಡ್ಸೂದು."

ಮೊದಲ ರೇಸಿನ ತಿರುವಿನಲ್ಲೇ ಅವರ ಕಾರು ಗಿರಕಿ ಹೊಡೆಯಿತು. ಅಕ್ಕ ಅದನ್ನು ಸಾವರಿಸಿಕೊಂಡು, ಎಲ್ಲರಿಗಿಂತ ಕೊನೆಗೆ ಗುರಿ ಮುಟ್ಟಿದರು. ಇಳಿದಾಗ ಮೈಯೆಲ್ಲ ಕೆಸರು, ಮುಖದ ತುಂಬ ನಗು.

"ಇನ್ನೊಮ್ಮೆ ಬಿಡ್ತಾರೇನು, ಲಗೂನ ಕೇಳಿ ಬಾರೋ!" ಎಂದು ನನ್ನ ಬೆನ್ನಿಗೆ ಗುದ್ದಿದರು.