ಆಕಾಶದ ಹುಡುಗಿಗೆ ಅಜ್ಜಿ ಹೊತ್ತ ಹರಕೆ

ನಾನು ಚಿಕ್ಕವಳಿದ್ದಾಗ ಶುರುವಾದ ಬಾಹ್ಯಾಕಾಶದ ಹಿಂದಿ ಧಾರಾವಾಹಿ ಇನ್ನೂ ನಡೆಯುತ್ತಿದೆ. ನಿನ್ನೆ ಮಗಳ ಮೊಬೈಲಿನಲ್ಲಿ ಹೊಸ ಕಂತು ನೋಡಿ ಮೈಯೆಲ್ಲ ಉರಿಯಿತು. ನೌಕೆ ಮೇಲೇಳುವ ಗುಂಯ್ ಸದ್ದು ಮಾತ್ರ ಹಳೆಯದೇ. ಅದು ಕಿವಿಗೆ ಬಿದ್ದರೆ ನನಗೆ ನಾನು ಬೆಳೆದ ಹುತ್ತೂರಿನ ಮನೆಯ ಹಿಪ್ಪುನೇರಳೆ ಸೊಪ್ಪಿನ ವಾಸನೆ ಬರುತ್ತದೆ.

ರೇಷ್ಮೆ ಹುಳಕ್ಕೆ ಸೊಪ್ಪು ಬಿಡಿಸುತ್ತಲೇ ನಾವು ಟಿ.ವಿ. ನೋಡುತ್ತಿದ್ದೆವು. ಹಿಂದಿ ಬಲ್ಲ ಚಿಕ್ಕಪ್ಪ ಅರ್ಥ ಹೇಳುತ್ತಿದ್ದರು. ಒಂದು ವಾರ ನೌಕೆ ನಡೆಸುವ ಹುಡುಗಿ ಯಾವುದೋ ಗ್ರಹದಲ್ಲಿ ಒಬ್ಬಳೇ ಉಳಿದುಬಿಟ್ಟಳು.

"ಅಯ್ಯೋ ಪಾಪಮು, ಯಾವ ತಾಯಿ ಹೆತ್ತ ಮಗಳೋ!" ಅಜ್ಜಿ ಕಣ್ಣೊರೆಸಿಕೊಂಡಳು. "ಈ ಸಲ ಮೊದಲ್ನೇ ಗೂಡು ಅವಳ ಹೆಸರಲ್ಲೇ."

"ಹಂಗಾದ್ರೆ ನಮ್ಮ ಹುಳಕ್ಕೆ ಯಾರಮ್ಮ ದಿಕ್ಕು?" ಚಿಕ್ಕಪ್ಪ ನಕ್ಕರು.

"ನೀನು ಸುಮ್ನಿರ್ಲಾ."

ಪ್ರತಿ ಬೆಳೆಯಲ್ಲೂ ಮೊದಲ ಹಿಡಿ ರೇಷ್ಮೆಗೂಡನ್ನು ನಮ್ಮ ಮನೆ, ಹುಳ ಕಾಯಲೆಂದು ಊರದೇವತೆ ಗಂಗಮ್ಮನ ಪಾದದಲ್ಲಿ ಇಡುತ್ತಿದ್ದೆವು. ಆ ಸಲ ಅಜ್ಜಿ ಆ ಹುಡುಗಿಯನ್ನು ಕಾಯೆಂದು ಇಟ್ಟಳು. ಅದೇ ವಾರ ಹುಡುಗಿ ಮರಳಿದಳು. ಅಜ್ಜಿ ಬೀದಿಗೆಲ್ಲ ಬೆಲ್ಲ ಹಂಚಿದಳು.

ಈಗ ನೋಡಿದರೆ, ಮರಳಿದ್ದು ಅವಳಲ್ಲವಂತೆ, ಅವಳಂತೆ ಕಾಣುವ ಯಂತ್ರವಂತೆ. ಅವಳು ಅಲ್ಲೇ ಸತ್ತಿದ್ದಳಂತೆ! ಕಥೆ ಬತ್ತಿದ್ದರೆ ನಿಲ್ಲಿಸಲಿ. ಮನೆ ಸೇರಿದವಳನ್ನು ಇಷ್ಟು ವರ್ಷದ ಮೇಲೆ ಕೊಲ್ಲುವುದು ಯಾವ ಸೀಮೆಯ ಬುದ್ಧಿವಂತಿಕೆ?

"ಕಥೆ ತಾನೇ, ಬಿಡಮ್ಮ," ಎಂದಳು ಮಗಳು.

ಬಿಡುವುದಿಲ್ಲ. ಬರೆಯುವವರು ಏನಾದರೂ ಬರೆದುಕೊಳ್ಳಲಿ. ಅವಳನ್ನು ಕರೆತಂದದ್ದು ಅವರಲ್ಲ, ಗಂಗಮ್ಮ.