ನೆರಳಿಗೆ ಕರೆದವನು ಬಡಿಸಿದ ಎಲೆ

ಮಂಗಳೂರಿನಲ್ಲಿ ಇಂಗ್ಲಿಷ್ ಎಂ.ಎ. ಓದುವಾಗ ಇಂಗ್ಲೆಂಡಿನ ಹಳೆಯ ಜನಪದ ಲಾವಣಿಗಳ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ. ಸತ್ತವರು ಗೋರಿಯಿಂದ ಏಕೆ ಎದ್ದು ಬರುತ್ತಾರೆ? ಬದುಕಿದವರು ಅಳು ನಿಲ್ಲಿಸದೆ ಅವರ ನಿದ್ದೆ ಕೆಡಿಸುವುದರಿಂದ. ಒಳ್ಳೆಯ ಅಂಕ ಬಂತು. ಆ ಜ್ಞಾನದ ಬಲದಿಂದ ಕತಾರಿನ ಕಟ್ಟಡದ ಸೈಟೊಂದರಲ್ಲಿ ಹಾಜರಿ ಬರೆಯುವ ಕೆಲಸವೂ ಸಿಕ್ಕಿತು.

ಅಲ್ಲಿ ಅಳುವಿನಿಂದ ಯಾರ ನಿದ್ದೆಯೂ ಕೆಡುವ ಭಯವಿರಲಿಲ್ಲ. ನನ್ನ ರೂಮಿನಲ್ಲೇ ಇದ್ದ ಫಿಟ್ಟರ್ ಸತ್ತಾಗ ಕಂಪನಿ ಐದು ನಿಮಿಷದ ಮೌನ ಘೋಷಿಸಿತು. ಮೂರನೆಯ ನಿಮಿಷಕ್ಕೆ ಫೋರ್‌ಮನ್ ‘ಯಲ್ಲಾ’, ನಡೀರಿ ಕೆಲಸಕ್ಕೆ, ಎಂದ.

ಆ ಬಯಲಿನ ಬಿಸಿಲಲ್ಲಿ ಅಂಗೈಯಗಲ ನೆರಳು ಕಂಡರೂ ನಾವು ಹೋಗಿ ನಿಲ್ಲುತ್ತಿದ್ದೆವು, ಯಾವುದರ ನೆರಳೆಂದು ನೋಡುತ್ತಿರಲಿಲ್ಲ. “ಮಾರಾಯಾ, ಇಲ್ಲಿ ನೆರಳುಂಟು, ಬಾ” ಎಂದು ಆ ಫಿಟ್ಟರನನ್ನು ಕರೆದವನು ನಾನು. ಬಂದ. ರಿಜಿಸ್ಟರ್ ಮರೆತೆನೆಂದು ನಾನು ನಾಲ್ಕು ಹೆಜ್ಜೆ ಆಚೆ ಹೋದೆ. ನೆರಳು ಕ್ರೇನಿನಲ್ಲಿ ತೂಗುತ್ತಿದ್ದ ಕಬ್ಬಿಣದ ಕಟ್ಟಿನದು. ಅದನ್ನು ಎತ್ತಿದ್ದ ಪಟ್ಟಿ ಹರಿದು ಕಟ್ಟು ಅವನ ಮೇಲೆ ಬಿತ್ತು. ಆ ನಾಲ್ಕು ಹೆಜ್ಜೆಗಳನ್ನು ಈಗಲೂ ದಿನಾ ನಡೆಯುತ್ತೇನೆ. ನಡಿಗೆ ಆರೋಗ್ಯಕ್ಕೆ ಒಳ್ಳೆಯದಂತೆ.

ಹದಿಮೂರನೆಯ ದಿನ, ಬಿನ್ ಮಹಮೂದ್ ಬಡಾವಣೆಯ ನಮ್ಮ ಫ್ಲಾಟಿನ ಹಿರಿಯ, ಬಂಟ್ವಾಳದ ಡ್ರೈವರಣ್ಣ, ಊರಿನ ಕ್ರಮದಂತೆ ಸತ್ತವನಿಗೆ ಎಲೆ ಹಾಕಬೇಕೆಂದರು. ಅವನ ಮಂಚದ ಬಳಿ ಬಾಳೆಲೆಯಲ್ಲಿ ಅನ್ನ, ಬಂಗುಡೆ ಮೀನಿನ ಸಾರು ಬಡಿಸಿ, ಬಾಗಿಲು ಮುಚ್ಚಿ, ಅಡುಗೆಮನೆಗೆ ಸರಿದೆವು. ಅವನು ಬಂದು ಉಂಡರೆ ನಮ್ಮ ಮೇಲೆ ಮುನಿಸಿಲ್ಲವೆಂದು ಅರ್ಥ. ಎಂ.ಎ. ಆದವನು ನಾನು, ಇದನ್ನೆಲ್ಲ ನಂಬುವುದಿಲ್ಲ. ಬೆಳಿಗ್ಗೆ ಐದಕ್ಕೇ ಎದ್ದು ಸಾರು ಮಾಡಿದ್ದೆ, ಅಷ್ಟೆ.

ಸ್ವಲ್ಪ ಹೊತ್ತಿನ ಮೇಲೆ, ಕ್ರಮದಂತೆ, ಅಣ್ಣ ಬಾಗಿಲು ಮೂರು ಸಲ ಬಡಿದರು.

“ಬನ್ನಿ” ಎಂದಿತು ಒಳಗಿನಿಂದ.

ಅಣ್ಣ ಕೈ ಮುಗಿದರು. ಸಾಹಿತ್ಯ ವಿಮರ್ಶೆಯನ್ನೆಲ್ಲ ಮರೆತು ನಾನೂ ಮುಗಿದೆ. ಬಾಗಿಲು ತೆರೆದರೆ ಮಂಚದ ಮೇಲೆ ಸೂಟ್‌ಕೇಸು, ಎಲೆಯ ಮುಂದೆ ಕಾರ್ಕಳದ ಹೊಸ ಫಿಟ್ಟರ್. ಕಂಪನಿಯ ವ್ಯಾನು ಏರ್‌ಪೋರ್ಟಿನಿಂದ ತಂದು ಇಳಿಸಿ ಹೋಗಿತ್ತು. ಮಂಚ ಖಾಲಿ ಇರುವುದನ್ನು ಕಂಪನಿ ಸಹಿಸದು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ಸದ್ದಿನಲ್ಲಿ ಅವನು ಬಂದದ್ದು ನಮಗೆ ಕೇಳಿರಲಿಲ್ಲ.

“ನನಗೆ ಇಟ್ಟದ್ದಲ್ವಾ ಅಣ್ಣಾ?”

ಡ್ರೈವರಣ್ಣ ತಲೆಯ ಮೇಲೆ ಕೈಹೊತ್ತು ಕುಳಿತರು. ಲಾವಣಿಯ ಪ್ರೇತ ಬೈಯುತ್ತದೆ, ಇಲ್ಲವೇ ಕ್ಷಮಿಸುತ್ತದೆ. ಇವನು ಇನ್ನಷ್ಟು ಅನ್ನ ಕೇಳಿದ. ಬಡಿಸಿದೆ. ಸೈಟಿನಲ್ಲಿ ನೆರಳು ಕಂಡರೆ ಮೊದಲು ತಲೆಯೆತ್ತಿ ನೋಡಬೇಕು ಎಂದೆ. ತಲೆಯಾಡಿಸಿದ. ಇನ್ನೊಮ್ಮೆ ಹೇಳಿದೆ.

“ಆಯ್ತು ಅಣ್ಣಾ, ಎಷ್ಟು ಸಲ ಹೇಳ್ತೀರಿ?”

ಮೂರನೆಯ ಸಲವೂ ಹೇಳಿದೆ.