ಇಬ್ಬರು ಅಳಿಯಂದಿರ ಆಂಟಿವೈರಸ್

ಶಹಾಬಾದದ ಕಲ್ಲಿನ ವ್ಯಾಪಾರಿ ಸಾಹುಕಾರ್ರ ಮನೆಯ ಕಂಪ್ಯೂಟರಿನಲ್ಲಿ ಆಂಟಿವೈರಸ್ ಕೆಟ್ಟಿದೆಯೆಂದು ರಿಪೇರಿಗೆ ನನ್ನನ್ನು ಕರೆಸಿದ್ದರು. ತೆಗೆದು ಮತ್ತೆ ಹಾಕಲು ಹೋದರೆ, ಒಳಗೆ ಇನ್ನೊಂದು ಆಂಟಿವೈರಸ್ ಇದೆ, ಮೊದಲು ಅದನ್ನು ತೆಗಿ ಎಂದು ಹಟ ಹಿಡಿಯಿತು.

“ತೆಗೀಲೇನ್ರಿ?” ಎಂದೆ.

“ಬ್ಯಾಡ್ರಿ, ಅದು ಸಣ್ಣ ಅಳಿಯಂದ್ರು ಹಾಕಿದ್ದು. ಭಾಳ ಬೇಜಾರಾಗ್ತಾರ,” ಎಂದರು ಸಾಹುಕಾರ್ರು.

“ಹಂಗಾದ್ರ ಈ ಕೆಟ್ಟಿದ್ದನ್ನ ಮತ್ತ ಹಾಕೂದು ಬಿಡೂಣ್ರಿ.”

“ಇದು ದೊಡ್ಡ ಅಳಿಯಂದ್ರು ಕೊಟ್ಟದ್ದು. ದೀಪಾವಳಿಗಿ ಇಬ್ಬರೂ ಬರ್ಲಿಕತ್ತಾರ.”

ಎರಡು ಆಂಟಿವೈರಸ್ ಒಂದೇ ಕಡೆ ಇದ್ದರೆ ಒಂದನ್ನೊಂದು ಕಳ್ಳ ಅಂತ ಹಿಡಿಯುತ್ತವೆ ಎಂದು ತಿಳಿಹೇಳಿದೆ.

“ಅದು ನಮ್ಮ ಮನ್ಯಾಗ ಹೊಸಾದೇನಲ್ಲ. ಎರಡರ ಚಿತ್ರಾನೂ ಪರದೆ ಮ್ಯಾಲ ಕಾಣಂಗ ಇಟ್ಟು ಹೋಗ್ರಿ. ಕೆಲಸ ಮಾಡ್ಲಿಲ್ಲಂದ್ರೂ ನಡೀತದ.”

ಹಾಗೇ ಇಟ್ಟು ಬಂದೆ. ಕೆಲಸ ಮಾಡದೆ ಬರೇ ಕಾಣಿಸಿಕೊಂಡರೆ ಸಾಕೆಂಬುದನ್ನು ಸಾಹುಕಾರ್ರು ಕಂಪ್ಯೂಟರಿನಿಂದಂತೂ ಕಲಿತಿರಲಾರರು.